ಬೀಗದ ಕೈ ಯಾರ ಬಳಿ?

ಬೆಲೆಬಾಳುವ ವಸ್ತುವನ್ನು ಪರರ ಮನೆಯಲ್ಲಿ ಇಡುವ ವಾಡಿಕೆ ನಮಗೆ ಹೊಸದಲ್ಲ. ದೂರದ ಊರಿಗೆ ಹೊರಟವರು ನೆರೆಮನೆಯವರಿಗೆ ಟ್ರಂಕು ಒಪ್ಪಿಸಿ ಹೋಗುತ್ತಿದ್ದರು. ಬ್ಯಾಂಕುಗಳು ಬಂದ ಮೇಲೆ ಲಾಕರು ಬಂತು. ಈ ಲಾಕರಿನಲ್ಲಿ ಒಂದು ಸೊಗಸುಂಟು. ಅದಕ್ಕೆ ಎರಡು ಬೀಗದ ಕೈ: ಒಂದು ಬ್ಯಾಂಕಿನವರದು, ಇನ್ನೊಂದು ನಮ್ಮದು. ಎರಡೂ ಕೂಡಿದರೆ ಮಾತ್ರ ಬಾಗಿಲು ತೆರೆಯುತ್ತದೆ. ನಮ್ಮ ಒಡವೆಯನ್ನು ಹಗಲಿರುಳೂ ಕಾಯುವವರು ಅದನ್ನು ಒಮ್ಮೆಯೂ ನೋಡಲಾರರು. ಈ ಏರ್ಪಾಡಿನ ಹಿಂದಿರುವ ಲೋಕಾನುಭವ ದೊಡ್ಡದು. ಕಾಯುವವನ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಆದರೆ ಎಲ್ಲವನ್ನೂ ಅದೊಂದರ ಮೇಲೆಯೇ ನಿಲ್ಲಿಸಬೇಕಾಗಿಯೂ ಇಲ್ಲ.

ಈಗ ನಾವು ಬರಹ, ಪತ್ರ, ಭಾವಚಿತ್ರಗಳನ್ನು ಇಡುತ್ತಿರುವ ಸ್ಥಳಕ್ಕೆ ‘ಕ್ಲೌಡ್’ ಎಂದು ಹೆಸರಿಟ್ಟಿದ್ದಾರೆ. ಮೋಡ! ಹೆಸರೇನೋ ಕಾವ್ಯಮಯವಾಗಿದೆ. ಕಾಳಿದಾಸನ ಯಕ್ಷನೂ ತನ್ನ ಅಂತರಂಗದ ಮಾತನ್ನು ಮೋಡದ ವಶಕ್ಕೇ ಒಪ್ಪಿಸಿದನಷ್ಟೆ. ಆ ಮಾತು ಅಲಕಾನಗರಿಯ ಆ ಒಬ್ಬಳಿಗೆ ತಲುಪಿತೋ ಇಲ್ಲವೋ, ಲೋಕಕ್ಕೆಲ್ಲ ತಲುಪಿದ್ದಂತೂ ನಿಜ. ಹೆಸರಿನ ಮೋಡಿಗೆ ಒಳಗಾಗದೆ ನೋಡಿದರೆ ಈ ಕ್ಲೌಡ್ ಆಕಾಶದಲ್ಲಿಲ್ಲ. ಎಲ್ಲೋ ಒಂದು ದೇಶದ ಯಾವುದೋ ಕಟ್ಟಡದೊಳಗೆ ಸಾಲುಸಾಲಾಗಿ ನಿಂತಿರುವ ಇನ್ನೊಬ್ಬರ ಕಂಪ್ಯೂಟರುಗಳೇ ಅದು. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್, ಮೈಕ್ರೋಸಾಫ್ಟಿನ ಒನ್‌ಡ್ರೈವ್, ಆಪಲ್ ಸಂಸ್ಥೆಯ ಐಕ್ಲೌಡ್, ಇವೆಲ್ಲ ನಾವು ಟ್ರಂಕು ಒಪ್ಪಿಸಿದ ನೆರೆಮನೆಗಳೇ. ನೆರೆಯವರು ಬಹಳ ದೊಡ್ಡವರು, ಅಷ್ಟೆ.

ಕನ್ನಡದ ಮೇಷ್ಟರೊಬ್ಬರು ಈ ವಿಷಯಕ್ಕೆ ಕೈಹಾಕಿದ್ದೇಕೆ ಎಂದು ನೀವು ಕೇಳಬಹುದು. ಕಾರಣ, ಪತ್ರಗಳು. ಕವಿಯೂ ವಿಮರ್ಶಕರೂ ಆಗಿದ್ದ ನನ್ನ ಗೆಳೆಯರೊಬ್ಬರು ತೀರಿಕೊಂಡ ಮೇಲೆ ಅವರ ಮಗಳು, ತಂದೆಗೆ ಬಂದಿದ್ದ ಸುಮಾರು ಆರುನೂರು ಕಾಗದಗಳನ್ನು ನನಗೆ ಒಪ್ಪಿಸಿದಳು. ಅವುಗಳಲ್ಲಿ ನಾಲ್ಕು ದಶಕಗಳ ಸಾಹಿತ್ಯಚರಿತ್ರೆಯ ಒಳಮನೆಯೇ ಇದೆ. ಯಾರ ಕವನವನ್ನು ಯಾರು ತಿದ್ದಿದರು, ಯಾರ ಸಂಸಾರ ಹೇಗೆ ಒಡೆಯಿತು, ಯಾರು ಯಾರಿಗೆ ಸಾಲ ಕೊಟ್ಟು ಮರೆತರು, ಎಲ್ಲವೂ ಉಂಟು. ಬರೆದವರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಹಿರಿಯ ಲೇಖಕಿಯೊಬ್ಬರು ತಮ್ಮ ಬದುಕಿನ ಅತ್ಯಂತ ಕಷ್ಟದ ಎರಡು ವರ್ಷಗಳಲ್ಲಿ ಬರೆದ ಮೂವತ್ತೊಂದು ಕಾಗದಗಳಿವೆ; ಅವನ್ನು ಓದಿದ ಮೇಲೆ ಎರಡು ದಿನ ನಾನು ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. “ಮಾಮ, ಇವು ಉಳಿಯಬೇಕು. ಆದರೆ ಬರೆದವರು ಇರುವ ತನಕ ಹೊರಗಿನವರ ಕಣ್ಣಿಗೆ ಬೀಳಬಾರದು. ಅಪ್ಪ ಅವರಿಗೆ ಮಾತು ಕೊಟ್ಟಿದ್ದರು” ಎಂದಳು ಆ ಹುಡುಗಿ. ಅವಳಿರುವುದು ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ, ನಾನಿರುವುದು ಮೈಸೂರಿನಲ್ಲಿ. ಕಾಗದಗಳು ಮಡಿಕೆಯ ಜಾಗದಲ್ಲಿ ಹರಿಯತೊಡಗಿವೆ. ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ, ಇಬ್ಬರೂ ಅವರವರ ಮನೆಯಲ್ಲಿ ಕುಳಿತು ಓದಿ ಟಿಪ್ಪಣಿ ಬರೆಯಬೇಕಾದರೆ ಕ್ಲೌಡ್ ಬಿಟ್ಟರೆ ನಮಗೆ ಅನುಕೂಲವಾದ ಬೇರೆ ದಾರಿ ಇರಲಿಲ್ಲ. ಉಳಿಯಬೇಕು, ಕಾಣಬಾರದು. ಈ ಎರಡು ಆಸೆಗಳು ಒಂದಕ್ಕೊಂದು ಎಷ್ಟು ವಿರುದ್ಧವಾದವು ಎಂಬುದು ಕೆಲಸಕ್ಕೆ ಇಳಿದವರಿಗೆ ಗೊತ್ತು.

ಮೊದಲಿಗೆ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಈ ಕಂಪನಿಗಳೆಲ್ಲ ನಮ್ಮ ಕಡತಗಳನ್ನು ಗೂಢಲಿಪಿಯಲ್ಲೇ ಇಟ್ಟಿರುತ್ತೇವೆಂದು ಹೇಳುತ್ತವೆ, ಅದು ಸುಳ್ಳಲ್ಲ. ಎನ್‌ಕ್ರಿಪ್ಷನ್ ಎಂದು ಕರೆಯುವುದು ಇದನ್ನೇ. ಓದಬಲ್ಲ ಬರಹವನ್ನು ಒಂದು ರಹಸ್ಯ ಸಂಖ್ಯೆಯ ನೆರವಿನಿಂದ ಓದಲಾಗದ ಅಂಕೆಗಳ ರಾಶಿಯಾಗಿ ಕಲಸಿಬಿಡುವುದು. ಆ ಸಂಖ್ಯೆ ಕೈಯಲ್ಲಿದ್ದವರು ಮಾತ್ರ ಅದನ್ನು ಮತ್ತೆ ಬಿಡಿಸಿ ಓದಬಲ್ಲರು. ನಮ್ಮ ಮನೆಯಿಂದ ಅವರ ಕಟ್ಟಡದವರೆಗಿನ ಹಾದಿಯಲ್ಲಿ ಒಂದು ಬೀಗ, ತಲುಪಿದ ಮೇಲೆ ಇನ್ನೊಂದು ಬೀಗ. ಆದರೆ ಸಾಮಾನ್ಯವಾಗಿ ಆ ಬೀಗಗಳ ಕೈ ಇರುವುದು ಅವರ ಗೂಡಿನಲ್ಲೇ. ಲಾಕರಿನ ಎರಡು ಕೈಗಳೂ ಬ್ಯಾಂಕಿನವರ ಹತ್ತಿರವೇ ಇದ್ದಂತಾಯಿತು. ಕಡತದ ಒಳಗಿನ ಪದವನ್ನು ಹುಡುಕಿ ಕೊಡುವುದು, ಪಾಸ್‌ವರ್ಡ್ ಮರೆತವರಿಗೆ ಹೊಸದನ್ನು ಕೊಟ್ಟು ಹಳೆಯ ಕಡತಗಳನ್ನೆಲ್ಲ ತೋರಿಸುವುದು, ಈ ಉಪಕಾರಗಳು ಸಾಧ್ಯವಾಗುವುದು ಕೈ ಅವರ ಬಳಿ ಇರುವುದರಿಂದಲೇ. ಯಾವ ಕಂಪನಿಯನ್ನು ನೋಡಿದರೂ ನಾನು ಮೊದಲು ಕೇಳುವ ಪ್ರಶ್ನೆ ಇದು: ನಾನು ಎಲ್ಲವನ್ನೂ ಮರೆತು, ಎಲ್ಲಿಯೂ ಏನನ್ನೂ ಬರೆದಿಡದೆ ಬಂದು ನಿಂತರೆ ನನ್ನ ಕಡತವನ್ನು ನೀವು ತೆರೆದುಕೊಡಬಲ್ಲಿರಾ? ‘ಓಹೋ, ಧಾರಾಳವಾಗಿ’ ಎಂಬ ಉತ್ತರ ಬಂದರೆ ಅವರೂ ಅದನ್ನು ಓದಬಲ್ಲರು ಎಂದೇ ಅರ್ಥ.

ಓದಬಲ್ಲರೆಂದ ಮಾತ್ರಕ್ಕೆ ಓದುತ್ತಾರೆಯೆ? ಆ ಕಂಪನಿಗಳಲ್ಲಿ ದುಡಿಯುವವರೆಲ್ಲ ನಮ್ಮ ಮನೆಮಕ್ಕಳಂಥವರೇ. ನನ್ನ ಗೆಳೆಯರ ಪತ್ರವನ್ನು ಕದ್ದು ಓದುವ ಬಿಡುವಾಗಲಿ ಚಪಲವಾಗಲಿ ಅವರಿಗಿದ್ದೀತೆಂದು ನಾನು ತಿಳಿಯೆ. ಆದರೆ ಬೀಗ ಬೇಕಾಗುವುದು ಮಾಮೂಲಿನ ದಿನಕ್ಕಲ್ಲ. 2011ರ ಜೂನ್ ತಿಂಗಳಲ್ಲಿ ಡ್ರಾಪ್‌ಬಾಕ್ಸ್ ಸಂಸ್ಥೆಯ ತಂತ್ರಾಂಶದಲ್ಲಿ ನುಸುಳಿದ ಒಂದು ದೋಷದಿಂದ, ಸುಮಾರು ನಾಲ್ಕು ಗಂಟೆಗಳ ಕಾಲ, ಖಾತೆಗೆ ಯಾವ ಪಾಸ್‌ವರ್ಡ್ ಕೊಟ್ಟರೂ ಬಾಗಿಲು ತೆರೆಯುವಂತಾಗಿತ್ತು. ಅದೇ ಸಂಸ್ಥೆಯಿಂದ 2012ರಲ್ಲಿ ಖಾತೆಗಳ ವಿವರ ಕಳುವಾಯಿತು. ಆ ಖಾತೆಗಳ ಸಂಖ್ಯೆ 6 ಕೋಟಿ 80 ಲಕ್ಷಕ್ಕೂ ಮಿಕ್ಕಿದ್ದೆಂದು ಹೊರಬಿದ್ದದ್ದು 2016ರಲ್ಲಿ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ ದಾಖಲೆಗಳು, ಅಮೆರಿಕದ ಬೇಹುಗಾರಿಕೆಯ ಇಲಾಖೆ ದೊಡ್ಡ ಕಂಪನಿಗಳಿಂದ ಬಳಕೆದಾರರ ಬರಹಗಳನ್ನು ಹೇಗೆ ಪಡೆಯುತ್ತಿತ್ತೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವು.

ಇನ್ನೊಂದು ನಿದರ್ಶನ ಇದಕ್ಕಿಂತ ಸೂಕ್ಷ್ಮವಾದದ್ದು. ಆಪಲ್ ಸಂಸ್ಥೆ 2022ರ ಡಿಸೆಂಬರಿನಲ್ಲಿ, ಬಯಸಿದವರಿಗೆ ಐಕ್ಲೌಡಿನ ಬಹುಪಾಲು ಕಡತಗಳ ಬೀಗದ ಕೈಯನ್ನು ಅವರ ಕೈಯಲ್ಲೇ ಉಳಿಸುವ ಏರ್ಪಾಡನ್ನು ಆರಂಭಿಸಿತು. ಕಂಪನಿಗೂ ತೆರೆಯಲಾಗದ ಬೀಗ ಅದು, ಮೆಚ್ಚತಕ್ಕ ಕೆಲಸ. ಬ್ರಿಟನ್ ಸರ್ಕಾರ ತನಗೆ ಒಳದಾರಿ ಬೇಕೆಂದು ಪಟ್ಟುಹಿಡಿದ ಸುದ್ದಿ ಬಂದ ಬೆನ್ನಿಗೇ, 2025ರ ಫೆಬ್ರವರಿಯಲ್ಲಿ, ಒಳದಾರಿ ಕೊಡುವ ಬದಲು ಆ ಸೌಲಭ್ಯವನ್ನೇ ಬ್ರಿಟನ್ನಿನ ಹೊಸ ಬಳಕೆದಾರರಿಗೆ ಇಲ್ಲವೆಂದಿತು ಕಂಪನಿ. ತಪ್ಪು ಯಾರದೆಂಬ ಚರ್ಚೆಗೆ ನಾನು ಹೋಗುವುದಿಲ್ಲ. ನಾನು ಕಂಡುಕೊಂಡದ್ದಿಷ್ಟು: ಮನೆಯೂ ಅವರದು, ಬೀಗವೂ ಅವರದು ಆದಾಗ, ಬೀಗ ಒಳ್ಳೆಯದೇ ಆಗಿದ್ದರೂ ಅದನ್ನು ತೆಗೆದುಹಾಕುವ ತೀರ್ಮಾನ ನಮ್ಮದಾಗಿರುವುದಿಲ್ಲ. ಟ್ರಂಕು ನೆರೆಮನೆಯಲ್ಲಿರಲಿ, ಬೀಗವನ್ನು ಮಾತ್ರ ನಮ್ಮ ಮನೆಯಲ್ಲೇ ಹಾಕಿ, ಆಮೇಲೆ ಹೊರಿಸಿ ಕಳಿಸುವುದು ವಿವೇಕ.

ಹೀಗೆ ಹೇಳಿದೊಡನೆ ‘ಮುಚ್ಚಿಡುವಂಥದ್ದು ನಿಮ್ಮಲ್ಲೇನಿದೆ?’ ಎಂದು ಕೇಳುವವರುಂಟು. ಅಂಚೆ ಕಾರ್ಡಿಗೂ ಇನ್‌ಲ್ಯಾಂಡ್ ಕಾಗದಕ್ಕೂ ಇದ್ದ ವ್ಯತ್ಯಾಸವನ್ನು ಅವರು ನೆನೆಯಬೇಕು. ಕಾರ್ಡಿನಲ್ಲಿ ‘ಕ್ಷೇಮ’ ಎಂದು ಬರೆಯುತ್ತಿದ್ದೆವು; ಕ್ಷೇಮವಿಲ್ಲದಿದ್ದಾಗ ಅಂಟು ಹಚ್ಚಿ ಮುಚ್ಚುವ ಕಾಗದಕ್ಕೆ ಹೋಗುತ್ತಿದ್ದೆವು. ಹಾಗೆ ಮುಚ್ಚಿದವರಾರೂ ಅಪರಾಧಿಗಳಾಗಿರಲಿಲ್ಲ. ಖಾಸಗಿ ಬದುಕು ಸಂವಿಧಾನದತ್ತವಾದ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ಸಂಗತಿ. ಹಾಗೆಂದು ಈ ಹಕ್ಕಿಗೆ ಮೇರೆಯಿಲ್ಲವೆಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ವಿಧಿಯ ಪ್ರಕಾರ, ದೇಶದ ಭದ್ರತೆಯೇ ಮುಂತಾದ ಕಾರಣಗಳಿಗಾಗಿ ಅಧಿಕೃತ ಆದೇಶ ಬಂದರೆ ಗೂಢಲಿಪಿಯನ್ನು ಬಿಡಿಸಿಕೊಡಬೇಕು. ನಿರಾಕರಿಸಿದರೆ ಏಳು ವರ್ಷಗಳವರೆಗೆ ಸೆರೆವಾಸ. ಆದೇಶ ಬಂದಾಗ ನನ್ನ ಮನೆಯ ಬಾಗಿಲು ತಟ್ಟಿ ನನ್ನನ್ನೇ ಕೇಳಲಿ ಎಂಬುದಷ್ಟೆ ನನ್ನ ಬಯಕೆ.

ಇನ್ನು ಬೀಗಗಳ ಮಾತು. ಗೂಢಲಿಪಿ ನಮ್ಮವರಿಗೆ ಅಪರಿಚಿತವಲ್ಲ. ವಾತ್ಸ್ಯಾಯನ ಕಾಮಸೂತ್ರದಲ್ಲಿ ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ‘ಮ್ಲೇಚ್ಛಿತವಿಕಲ್ಪ’ ಎಂಬುದೂ ಒಂದು. ಅಕ್ಷರಗಳನ್ನು ಅದಲು ಬದಲು ಮಾಡಿ ಬರೆಯುವ ಕ್ರಮಗಳನ್ನು ವ್ಯಾಖ್ಯಾನಕಾರ ಯಶೋಧರ ವಿವರಿಸಿದ್ದಾನೆ. ಅಂಥ ಲಿಪಿಗಳ ಬಲವೆಲ್ಲ ಕ್ರಮದ ಗುಟ್ಟಿನಲ್ಲಿತ್ತು. ಕ್ರಮ ತಿಳಿಯಿತೋ ಬರಹವೂ ತಿಳಿಯಿತು. ಈ ನಂಬಿಕೆಯನ್ನು ತಲೆಕೆಳಗು ಮಾಡಿದವನು ಪ್ಯಾರಿಸಿನಲ್ಲಿ ಭಾಷೆಗಳನ್ನು ಕಲಿಸುತ್ತಿದ್ದ ಒಬ್ಬ ಮೇಷ್ಟರು, ಹೆಸರು ಆಗುಸ್ಟ್ ಕೆರ್ಕ್‌ಹಾಫ್ಸ್. (ನಮ್ಮ ವೃತ್ತಿಯವನು ಎಂಬ ಅಭಿಮಾನದಿಂದ ಹೆಸರು ಹೇಳಿದೆ.) ಬೀಗದ ರಚನೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟೆಲ್ಲ ಬೀಗದ ಕೈಯಲ್ಲಿ ಮಾತ್ರ ಇರಬೇಕು ಎಂದು ಅವನು 1883ರಲ್ಲಿ ವಾದಿಸಿದ. ಇಂದಿನ ವಿದ್ವಾಂಸರೆಲ್ಲ ಅವನ ಶಿಷ್ಯರೇ. ಈಗ ಎಲ್ಲೆಡೆ ಬಳಕೆಯಲ್ಲಿರುವ ಎ.ಇ.ಎಸ್. ಎಂಬ ಗೂಢಲಿಪಿಯನ್ನು ರೂಪಿಸಿದವರು ಬೆಲ್ಜಿಯಮ್ಮಿನ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್. 1997ರಲ್ಲಿ ಅಮೆರಿಕ ಬಹಿರಂಗ ಸ್ಪರ್ಧೆಯನ್ನು ಸಾರಿ, ಬಂದ ಹದಿನೈದು ಲಿಪಿಗಳನ್ನು ಲೋಕದ ಪಂಡಿತರ ಮುಂದೆ ಹರವಿ, ಒಡೆದು ನೋಡಿರೆಂದು ಬಿಟ್ಟು, ಕೊನೆಗೆ 2001ರಲ್ಲಿ ಇದನ್ನು ಮಾನಕವೆಂದು ಒಪ್ಪಿತು. ಆದ್ದರಿಂದ ‘ನಮ್ಮದು ಯಾರಿಗೂ ತಿಳಿಯದ ರಹಸ್ಯ ವಿಧಾನ’ ಎಂದು ಯಾವನಾದರೂ ಜಾಹೀರು ಮಾಡಿದರೆ ಅವನ ಅಂಗಡಿಯ ಮೆಟ್ಟಿಲು ಹತ್ತಬಾರದು. ತನ್ನ ತಂತ್ರಾಂಶದ ಮೂಲಪಾಠವನ್ನು ಎಲ್ಲರೂ ಓದುವಂತೆ ಪ್ರಕಟಿಸಿರುವವನ ಬೀಗವೇ ಮೇಲು. ನನಗೆ ಆ ಪಾಠ ಓದಲು ಬಾರದು, ನಿಜ. ಓದಬಲ್ಲವರು ಓದಿ ತಪ್ಪು ಹುಡುಕಿದ್ದಾರೆ, ತಿದ್ದಿಸಿದ್ದಾರೆ ಎಂಬುದು ನನಗೆ ಸಾಕು.

ಸುಲಭದ ಬೀಗ ಎಂದರೆ ಕಡತಗಳನ್ನೆಲ್ಲ ಒಂದು ಮೂಟೆ ಕಟ್ಟಿ ಪಾಸ್‌ವರ್ಡ್ ಹಾಕುವುದು. ಹಳೆಯ ಜಿಪ್ ಮೂಟೆಯ ಬೀಗ ಹೆಸರಿಗೆ ಮಾತ್ರ. ಅದನ್ನು ಒಡೆಯುವ ಬಗೆಯನ್ನು 1994ರಲ್ಲೇ ವಿದ್ವಾಂಸರು ತೋರಿಸಿದ್ದಾರೆ. ಸೆವೆನ್‌ಜಿಪ್ ಎಂಬ ಮುಕ್ತ ತಂತ್ರಾಂಶ ತನ್ನ ಮೂಟೆಗೆ ಎ.ಇ.ಎಸ್. ಬೀಗವನ್ನೇ ಹಾಕುತ್ತದೆ, ಒಮ್ಮೆ ಕಟ್ಟಿ ಮತ್ತೆ ಮುಟ್ಟದ ಕಡತಗಳಿಗೆ ಅದು ಸಾಕು. ದಿನವೂ ಟಿಪ್ಪಣಿ ಬರೆಯುವ ನಮ್ಮಂಥವರಿಗೆ ಮೂಟೆ ಬಿಚ್ಚುವುದೇ ಒಂದು ಉದ್ಯೋಗವಾದೀತು.

ವೆರಾಕ್ರಿಪ್ಟ್ ಎಂಬುದು ಇನ್ನೊಂದು. ಇದು ಮೊದಲೇ ಗೊತ್ತುಮಾಡಿದ ಅಳತೆಯ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆಯನ್ನು ನಿರ್ಮಿಸುತ್ತದೆ. ಪಾಸ್‌ವರ್ಡ್ ಕೊಟ್ಟರೆ ಕಂಪ್ಯೂಟರಿನಲ್ಲಿ ಹೊಸದೊಂದು ಡಿಸ್ಕಿನಂತೆ ತೆರೆದುಕೊಳ್ಳುತ್ತದೆ. ಒಳಗೆ ಎಷ್ಟು ಕಡತಗಳಿವೆ, ಅವುಗಳ ಹೆಸರೇನು, ಯಾವುದು ಚಿಕ್ಕದು, ಯಾವುದು ದೊಡ್ಡದು ಎಂಬ ಸುಳಿವೂ ಹೊರಗಿನವರಿಗೆ ಸಿಗದು. ಮನೆಯ ಹಾರ್ಡ್‌ಡಿಸ್ಕಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಾಣೆ. ಆದರೆ ಕ್ಲೌಡಿಗೆ ಇದು ಒಗ್ಗುವುದು ಕಷ್ಟ. ಒಳಗೆ ಒಂದು ಸಾಲು ತಿದ್ದಿದರೂ ಹೊರಗಿನಿಂದ ಬದಲಾದದ್ದು ಇಡೀ ಪೆಟ್ಟಿಗೆ. ಬದಲಾದ ಚೂರನ್ನಷ್ಟೇ ಕಳಿಸುವ ಜಾಣ್ಮೆ ಇಲ್ಲದ ಸೇವೆಯಾದರೆ ಪೆಟ್ಟಿಗೆಯನ್ನೆಲ್ಲ ಮತ್ತೆ ಹೊರಿಸಬೇಕು. ಇನ್ನೂ ವಿಚಿತ್ರವೆಂದರೆ, ಕಡತ ಎಂದು ಬದಲಾಯಿತೆಂಬ ಹೊರಗಿನ ದಿನಾಂಕವನ್ನು ವೆರಾಕ್ರಿಪ್ಟ್ ತಾನಾಗಿ ತಿದ್ದುವುದಿಲ್ಲ. ಗುಟ್ಟಿಗಾಗಿಯೇ ಹಾಗೆ ಮಾಡಿದ್ದಾರೆ. ದಿನಾಂಕ ನೋಡಿ ಕೆಲಸ ಮಾಡುವ ಸೇವೆ ‘ಏನೂ ಬದಲಾಗಿಲ್ಲ’ ಎಂದು ಸುಮ್ಮನಿದ್ದುಬಿಡಬಹುದು. ಆ ಗುಣವನ್ನು ಆರಿಸಿ ತೆಗೆಯಲು ಅವಕಾಶವುಂಟು, ತಿಳಿದಿರಬೇಕಷ್ಟೆ.

ನಾವು ಕೊನೆಗೆ ಆರಿಸಿಕೊಂಡದ್ದು ಕ್ರಿಪ್ಟೋಮೇಟರ್ ಎಂಬ ಜರ್ಮನ್ ತಂತ್ರಾಂಶವನ್ನು. ಮೂಲಪಾಠ ಬಹಿರಂಗವಾದದ್ದು. ಇದು ಒಂದೇ ಪೆಟ್ಟಿಗೆ ಮಾಡುವುದಿಲ್ಲ. ಪ್ರತಿಯೊಂದು ಕಾಗದಕ್ಕೂ ಬೇರೆ ಬೇರೆ ಲಕೋಟೆ ಮಾಡಿ ಅರಗು ಹಾಕಿದಂತೆ ಪ್ರತಿ ಕಡತವನ್ನೂ ಬೇರೆಯಾಗಿ ಗೂಢಲಿಪಿಗೆ ತಿರುಗಿಸುತ್ತದೆ, ಕಡತದ ಹೆಸರನ್ನೂ ಕಲಸಿಬಿಡುತ್ತದೆ. ಒಂದು ಪತ್ರದ ಟಿಪ್ಪಣಿ ತಿದ್ದಿದರೆ ಅದೊಂದೇ ಮೆಲ್ಬರ್ನಿಗೆ ಹೋಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಒಟ್ಟು ಲಕೋಟೆಗಳೆಷ್ಟು, ಒಂದೊಂದೂ ಎಷ್ಟು ದಪ್ಪ, ಯಾವುದನ್ನು ಎಂದು ಮುಟ್ಟಿದರು ಎಂಬುದು ಹೊರಗಿನವರಿಗೆ ಕಾಣುತ್ತದೆ. ಆರುನೂರು ಪತ್ರಗಳಿವೆ ಎಂಬುದು ತಿಳಿದರೆ ನಮಗೆ ನಷ್ಟವಿಲ್ಲ. ಬೇರೆಯವರಿಗೆ ಇದ್ದೀತು, ಅಂಥವರು ವೆರಾಕ್ರಿಪ್ಟಿನ ತೊಡಕನ್ನು ಸಹಿಸುವುದೇ ಲೇಸು. ಬೀಗ ಮತ್ತು ಮನೆ ಎರಡನ್ನೂ ಒಟ್ಟಿಗೇ ಕೊಡುವ, ಕೈ ನಿಮ್ಮದೇ ಎಂದು ಹೇಳುವ ಸೇವೆಗಳೂ ಇವೆ. ಅವುಗಳಲ್ಲಿ ಒಳ್ಳೆಯವೂ ಇದ್ದಾವು. ಆದರೆ ಮಾತನ್ನೇ ನಂಬುವಂತಿಲ್ಲ: ಜ್ಯೂರಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಇಂಥ ಐದು ಸೇವೆಗಳನ್ನು ಪರೀಕ್ಷಿಸಿ, ನಾಲ್ಕರಲ್ಲಿ ತೀವ್ರ ದೋಷಗಳಿರುವುದನ್ನು ತೋರಿಸಿದರು. ಎ.ಇ.ಎಸ್. ಮುರಿದದ್ದಲ್ಲ, ಅದನ್ನು ಜೋಡಿಸಿದ ರೀತಿ ಸಡಿಲವಾಗಿತ್ತು. ಬೀಗ ಗಟ್ಟಿಯಾಗಿದ್ದೂ ಚಿಲಕದ ಮೊಳೆ ಅಲ್ಲಾಡುವುದನ್ನು ನಾವು ನೋಡಿಲ್ಲವೆ?

ಬೀಗಗಳೂ ಸಾಯುತ್ತವೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಟ್ರೂಕ್ರಿಪ್ಟ್ ಎಂಬುದು ಒಂದು ಕಾಲಕ್ಕೆ ಲೋಕಪ್ರಿಯವಾಗಿತ್ತು. ಹೆಸರು ಹೇಳಿಕೊಳ್ಳದ ಅದರ ಕರ್ತೃಗಳು 2014ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ, ಇದು ಸುರಕ್ಷಿತವಲ್ಲ, ಬಿಟ್ಟುಬಿಡಿ ಎಂದು ಬರೆದು ಕಣ್ಮರೆಯಾದರು. ಮೂಲಪಾಠ ಬಹಿರಂಗವಾಗಿದ್ದುದರಿಂದ ಅದರ ಕುಡಿಯೊಂದು ವೆರಾಕ್ರಿಪ್ಟಾಗಿ ಬೆಳೆಯಿತು. ಕ್ಲೌಡಿಗೆಂದೇ ಹುಟ್ಟಿದ್ದ ಬಾಕ್ಸ್‌ಕ್ರಿಪ್ಟರ್ ಎಂಬ ಜರ್ಮನ್ ತಂತ್ರಾಂಶದ ಮುಖ್ಯ ಸ್ವತ್ತನ್ನು 2022ರ ನವೆಂಬರಿನಲ್ಲಿ ಡ್ರಾಪ್‌ಬಾಕ್ಸ್ ಕೊಂಡಿತು. ಹೊಸಬರಿಗೆ ಬಾಗಿಲು ಮುಚ್ಚಿತು, ಹಳಬರು ಬೇರೆ ಬೀಗ ಹುಡುಕಿಕೊಂಡು ಹೊರಟರು. ಎನ್‌ಸಿಎಫ್‌ಎಸ್ ಎಂಬುದರ ಕಥೆ ಬೇರೆ. 2014ರ ಪರೀಕ್ಷೆಯಲ್ಲಿ ಅದರ ದೌರ್ಬಲ್ಯ ತಿಳಿಯಿತು: ಕಳ್ಳನ ಕೈಗೆ ಒಂದೇ ಸಲ ಸಿಕ್ಕಿದರೆ ಅಷ್ಟು ಭಯವಿಲ್ಲ, ಅದೇ ಕಡತದ ಹಲವು ಕಾಲದ ಪ್ರತಿಗಳು ಸಿಕ್ಕಿದರೆ ಅಪಾಯ. ಕ್ಲೌಡಿನಲ್ಲಿ ಸಿಗುವುದು ಹಲವು ಕಾಲದ ಪ್ರತಿಗಳೇ ತಾನೆ! ಮನೆಗೆ ಒಪ್ಪುವ ಬೀಗ ಬೀದಿಗೆ ಒಪ್ಪಲಿಲ್ಲ.

ಇಷ್ಟೆಲ್ಲ ಆದ ಮೇಲೆ ಬೀಗದ ಕೈ, ಎಂದರೆ ಗುಪ್ತವಾಕ್ಯ. ಸಾಹಿತ್ಯಪ್ರಿಯರಿಗೆ ಇಲ್ಲಿ ವಿಶೇಷವಾದ ಅಪಾಯವುಂಟು. ನಮಗೆ ಪ್ರಿಯವಾದ ವಚನದ ಸಾಲೋ ಭಾವಗೀತೆಯ ಪಲ್ಲವಿಯೋ ತಾನಾಗಿ ನಾಲಗೆಗೆ ಬರುತ್ತದೆ. ಮರೆಯುವಂತಿಲ್ಲ, ಉದ್ದವೂ ಇದೆ, ಇದಕ್ಕಿಂತ ಬೇರೆ ಬೇಕೆ ಎನ್ನಿಸುತ್ತದೆ. ಬೇಡ. ಅಚ್ಚಾದ ಸಾಲುಗಳ ರಾಶಿಯನ್ನು ಯಂತ್ರಕ್ಕೆ ಉಣಿಸಿ ಒಂದೊಂದನ್ನೇ ಪ್ರಯತ್ನಿಸುವುದು ಕಳ್ಳರ ದಿನಚರಿ. ಕಾವ್ಯವೆಂದರೆ ಎಲ್ಲರ ಸ್ವತ್ತು. ಬೀಗದ ಕೈ ಹಾಗಲ್ಲ. ಅರ್ಥವಿಲ್ಲದ, ಯಾರೂ ಬರೆಯದ, ನಾವೂ ಆರಿಸದ ಸಾಲು ಬೇಕು. ಅದಕ್ಕೆ ಅಮೆರಿಕದ ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಸೂಚಿಸಿದ ಉಪಾಯ ದಾಳ ಎಸೆಯುವುದು. ನಾನೂ ಆ ಹುಡುಗಿಯೂ ಎರಡು ವಾರ ಕುಳಿತು 1296 ಕನ್ನಡ ಪದಗಳ ಪಟ್ಟಿ ಮಾಡಿದೆವು. ಆರು ಮುಖದ ದಾಳವನ್ನು ನಾಲ್ಕು ಸಲ ಎಸೆದರೆ ಬರಬಹುದಾದ ಫಲಗಳು ಅಷ್ಟೇ. ಹೀಗೆ ಎಂಟು ಪದ. ನಮಗೆ ಬಂದ ಪದಗಳನ್ನು ಹೇಳಲಾರೆ. ಮಾದರಿಗೆ, ಒನಕೆ ಕಪ್ಪೆ ಜಾತ್ರೆ ಸುಣ್ಣ ಬಾವಲಿ ಗರಗಸ ತಂಗಳು ಏಣಿ. ನವ್ಯಕಾವ್ಯದಂತಿದೆ ಎಂದು ನಗಬೇಡಿ. ಇಂಥ ಎಂಟು ಪದಗಳ ಸಾಲುಗಳನ್ನೆಲ್ಲ, ಸೆಕೆಂಡಿಗೆ ಒಂದು ಲಕ್ಷ ಕೋಟಿಯಂತೆ ಪ್ರಯತ್ನಿಸಿ ಮುಗಿಸಲು ಸುಮಾರು ಎರಡೂವರೆ ಲಕ್ಷ ವರ್ಷ ಬೇಕು. ಒಂದೊಂದು ಪ್ರಯತ್ನಕ್ಕೂ ಬೇಕೆಂದೇ ತಡವಾಗುವಂತೆ ತಂತ್ರಾಂಶವನ್ನು ರಚಿಸಿರುವುದರಿಂದ ಆ ವೇಗವೂ ಕಳ್ಳನಿಗೆ ಲಭ್ಯವಿಲ್ಲ.

ಕನ್ನಡಿಗರಿಗೆ ಒಂದು ವಿಶೇಷ ಸೂಚನೆ. ಆ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬೇಕೆಂಬ ಅಭಿಮಾನ ಸಹಜವಾದದ್ದು. ಇದೊಂದು ಕಡೆ ಅದನ್ನು ಬದಿಗಿಟ್ಟೆ. ಕಣ್ಣಿಗೆ ಒಂದೇ ಆಗಿ ಕಾಣುವ ಅಕ್ಷರ ಕಂಪ್ಯೂಟರಿನ ಒಳಗೆ ಒಂದೇ ಆಗಿರಬೇಕೆಂದಿಲ್ಲ. ‘ಓ’ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳ ಜೋಡಣೆಯಾಗಿಯೂ ಬರೆಯಬಹುದು; ಅರ್ಕಾವೊತ್ತಿನ ಸುತ್ತ ಕಾಣದ ಸಂಕೇತಗಳು ನುಸುಳುವುದುಂಟು. ಇಲ್ಲಿಯ ಕೀಲಿಮಣೆಯಿಂದ ಹಾಕಿದ ಬೀಗ ಅಲ್ಲಿಯ ಕೀಲಿಮಣೆಗೆ ತೆರೆಯದೆ ಹೋದರೆ ಏನು ಗತಿ? ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡೆವು. ಇಪ್ಪತ್ತು ವರ್ಷದ ಹಿಂದೆ ಯೂನಿಕೋಡ್ ಅಲ್ಲದ ಸಂಕೇತದಲ್ಲಿ ಬೆರಳಚ್ಚು ಮಾಡಿಸಿದ ಬರಹಗಳು ಇಂದು ತೆರೆದರೆ ಅಕ್ಷರಗಳ ಚಿತ್ರಾನ್ನವಾಗಿ ಕಾಣುವುದನ್ನು ನಮ್ಮ ಲೇಖಕರು ಬಲ್ಲರು. ಯಾರೂ ಬೀಗ ಹಾಕದೆಯೇ ಗೂಢಲಿಪಿಯಾದವು ಅವು!

ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಡುವುದೂ ಉಂಟು. ಮೊಬೈಲಿನಲ್ಲಿ ಪತ್ರದ ಚಿತ್ರ ತೆಗೆದೊಡನೆ ಅದು ನಮ್ಮನ್ನು ಕೇಳದೆ ಚಿತ್ರಗಳ ಕ್ಲೌಡಿಗೆ ಬೀಗವಿಲ್ಲದೆ ಹೋಗಿರುತ್ತದೆ. ಆದ್ದರಿಂದ ಸ್ಕ್ಯಾನರನ್ನು ಕಂಪ್ಯೂಟರಿಗೆ ಜೋಡಿಸಿಯೇ ಕೆಲಸ ಮಾಡಿದೆವು. ಬೀಗ ಹಾಕದೆ ಒಮ್ಮೆ ಕಳಿಸಿ, ಆಮೇಲೆ ಅಳಿಸಿ, ಬೀಗ ಹಾಕಿ ಕಳಿಸಿದರೆ ಅಳಿಸಿದ್ದು ಕಸದ ಬುಟ್ಟಿಯಲ್ಲಿ ದಿನಗಟ್ಟಲೆ ಬಿದ್ದಿರುತ್ತದೆ. ಗುಪ್ತವಾಕ್ಯವನ್ನು ಅದೇ ಖಾತೆಯ ಈಮೇಲಿನಲ್ಲಿ ಕಳಿಸುವವರ ವಿಷಯ ಮಾತನಾಡದಿರುವುದೇ ವಾಸಿ. ಮೂಲ ಕಾಗದಗಳು ನನ್ನ ಅಲಮಾರಿನಲ್ಲಿ ಮಾಮೂಲು ಬೀಗದಲ್ಲಿವೆಯಲ್ಲ ಎಂದು ಯಾರಾದರೂ ಕೇಳಿಯಾರು. ಅವನ್ನು ಕದಿಯಬೇಕಾದವನು ಮೈಸೂರಿಗೆ ಬಂದು, ನನ್ನ ಮನೆ ಹುಡುಕಿ, ನನ್ನ ಹೆಂಡತಿಯ ಕಣ್ಣು ತಪ್ಪಿಸಬೇಕು. ಕ್ಲೌಡಿನ ಕಳ್ಳನಿಗೆ ಈ ಯಾವ ಕಷ್ಟವೂ ಇಲ್ಲ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಗತಿಗೆ ಬರುತ್ತೇನೆ. ನನಗೆ ವಯಸ್ಸು ಎಪ್ಪತ್ತನಾಲ್ಕು. ಕಾಫ್ಕಾ ತನ್ನ ಹಸ್ತಪ್ರತಿಗಳನ್ನೆಲ್ಲ ಓದದೆ ಸುಟ್ಟುಬಿಡು ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟು 1924ರಲ್ಲಿ ತೀರಿಕೊಂಡ. ಬ್ರಾಡ್ ಮಾತು ಮೀರಿದ. ಲೋಕಕ್ಕೆ ಕಾಫ್ಕಾ ದಕ್ಕಿದ. ಬ್ರಾಡ್ ಮಾಡಿದ್ದು ಸರಿಯೆ ತಪ್ಪೆ ಎಂದು ನಾವು ಇಂದಿಗೂ ಜಗಳವಾಡುತ್ತೇವೆ. ಜಗಳವಾಡಲು ಸಾಧ್ಯವಾದದ್ದು ಆ ಕಾಗದಕ್ಕೆ ಬೀಗವಿಲ್ಲದ್ದರಿಂದ. ಎ.ಇ.ಎಸ್. ಬೀಗದ ಮುಂದೆ ಬ್ರಾಡನ ಸ್ನೇಹವೂ ನಡೆಯದು, ಧೈರ್ಯವೂ ನಡೆಯದು. ಕೈ ಕಳೆದರೆ ಸುಡುವ ಶ್ರಮವೂ ಇಲ್ಲ, ಆಗಲೇ ಸುಟ್ಟಂತೆ. ನಮ್ಮಲ್ಲಿಯೇ ಸಿರಿಭೂವಲಯ ಇದೆ: ಇಪ್ಪತ್ತೇಳು ಸಾಲು, ಇಪ್ಪತ್ತೇಳು ಕಂಬಗಳ ಚೌಕಗಳಲ್ಲಿ ಬರಿಯ ಅಂಕಿಗಳು. ಅದರ ಕಾಲ, ಅದರ ಹಿರಿಮೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಇರಲಿ. ಯಾವ ಮನೆಯಿಂದ ಯಾವ ಮನೆಗೆ ನಡೆದು ಓದಬೇಕೆಂಬ ‘ಬಂಧ’ ಗೊತ್ತಿಲ್ಲದವನಿಗೆ ಅದು ಕಾವ್ಯವಲ್ಲ, ಮಗ್ಗಿ ಪುಸ್ತಕ. ನನ್ನ ಗೆಳೆಯರ ಪತ್ರಗಳು ಹಾಗಾಗಬಾರದು.

ಒಂದು ರಹಸ್ಯವನ್ನು ಮೂವರಿಗೆ ಹಂಚಿ, ಯಾವ ಇಬ್ಬರು ಸೇರಿದರೂ ತೆರೆಯುವಂತೆ, ಒಬ್ಬನಿಂದ ಏನೂ ಆಗದಂತೆ ಮಾಡುವ ಗಣಿತವನ್ನು ಆದಿ ಶಮೀರ್ 1979ರಲ್ಲಿ ಪ್ರಕಟಿಸಿದ. ತತ್ತ್ವ ಸುಂದರವಾದದ್ದು: ಕಾಗದದ ಮೇಲೆ ಎರಡು ಚುಕ್ಕಿ ತಿಳಿದರೆ ಅವುಗಳ ನಡುವಿನ ಗೆರೆ ತಿಳಿಯುತ್ತದೆ, ಒಂದೇ ಚುಕ್ಕಿಯಿಂದ ಯಾವ ಗೆರೆಯೂ ಹೊರಡಬಹುದು. ದೊಡ್ಡ ಸಂಸ್ಥೆಗಳಿಗೆ ಇದು ತಕ್ಕದ್ದು. ನಾವು ಬೇಡವೆಂದೆವು. ಮೂವತ್ತು ವರ್ಷದ ಮೇಲೆ ಲಕೋಟೆ ಒಡೆಯುವವರಿಗೆ ಒಂದು ಬೀಗ ಸಾಲದೆಂದು ಬೀಗದ ಕೈಗೂ ಒಂದು ಬೀಗ ಹಾಕಿಟ್ಟಂತೆ ಆದೀತು.

ಗುಪ್ತವಾಕ್ಯವನ್ನೂ, ಅದು ಮರೆತಾಗ ಒದಗಲೆಂದು ಕ್ರಿಪ್ಟೋಮೇಟರ್ ಕೊಡುವ ಇಂಗ್ಲಿಷ್ ಪದಗಳ ಉದ್ದನೆಯ ಸರಣಿಯನ್ನೂ, ಒಳ್ಳೆಯ ಕಾಗದದ ಮೇಲೆ ಕೈಯಾರೆ ಬರೆದು ಮೂರು ಲಕೋಟೆಗಳಲ್ಲಿ ಮುಚ್ಚಿದೆವು. ಒಂದು ಬ್ಯಾಂಕಿನ ಲಾಕರಿನಲ್ಲಿದೆ, ನಾಮನಿರ್ದೇಶನ ಮಾಡಿಸಿದೆ. ಇನ್ನೊಂದು ಮೆಲ್ಬರ್ನಿನಲ್ಲಿದೆ. ಮೂರನೆಯದು ಯಾರಿಗೆ ಎಂದು ಬಹಳ ಯೋಚಿಸಿ ನನ್ನ ಶಿಷ್ಯೆಯೊಬ್ಬಳನ್ನು ಆರಿಸಿದೆವು, ಅವಳಿಗಿನ್ನೂ ಮೂವತ್ತೆರಡು. ಅವಳು ಓದಿಬಿಟ್ಟರೆ? ಓದಬಲ್ಲಳು. ನಂಬಿಕೆಯ ಅಗತ್ಯವನ್ನು ಯಾವ ಬೀಗವೂ ಇಲ್ಲವಾಗಿಸುವುದಿಲ್ಲ. ಹೆಸರು ಮುಖ ಅರಿಯದ ಸಾವಿರಾರು ಜನರನ್ನು ನಂಬುವ ಬದಲು ಮುಖ ನೋಡಿ ಮಾತನಾಡಿಸಬಲ್ಲ ಮೂವರನ್ನು ನಂಬುವಂತೆ ಮಾಡುತ್ತದೆ. ಆ ಹಿರಿಯ ಲೇಖಕಿಗೆ ಕೊಟ್ಟ ಮಾತನ್ನು ಉಳಿಸುವವರು ಯಾರೆಂಬುದು ಈಗ ನನಗೆ ಗೊತ್ತಿದೆ.

ಪ್ರತಿ ಲಕೋಟೆಯೊಡನೆ ಒಂದು ಪೆನ್‌ಡ್ರೈವಿನಲ್ಲಿ ಅದೇ ತಂತ್ರಾಂಶದ ಪ್ರತಿಯನ್ನೂ, ಬೀಗ ಹಾಕಿದ ಕಡತಗಳನ್ನೂ ಇಟ್ಟಿದ್ದೇವೆ; ಕ್ಲೌಡಿನ ಖಾತೆ ನಾಳೆ ಮುಚ್ಚಿದರೂ ಪತ್ರಗಳು ಉಳಿಯಬೇಕಲ್ಲ. ಪೆನ್‌ಡ್ರೈವು ಚಿರಂಜೀವಿಯಲ್ಲದ್ದರಿಂದ ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ನಕಲು ಮಾಡಬೇಕು. ಜೊತೆಗೆ, ಏನೂ ತಿಳಿಯದವರೂ ಅನುಸರಿಸುವಂತೆ ಹಂತಹಂತವಾಗಿ ಬರೆದ ಒಂದೂವರೆ ಪುಟದ ಸೂಚನೆ. ಪ್ರತಿ ಜನವರಿಯಲ್ಲಿ ನನ್ನ ಶಿಷ್ಯೆ, ನನ್ನ ನೆರವಿಲ್ಲದೆ, ಬೇರೊಂದು ಕಂಪ್ಯೂಟರಿನಲ್ಲಿ ಆ ಸೂಚನೆಯಂತೆ ತೆರೆದು, ನಾನು ಹೇಳಿದ ಸಂಖ್ಯೆಯ ಪತ್ರದ ಮೇಲಿರುವ ಊರು ಮತ್ತು ತಾರೀಖನ್ನು ಮಾತ್ರ ಓದಿ ನನಗೆ ತಿಳಿಸಬೇಕು. ಮೂಲ ಕಾಗದವನ್ನು ಎದುರಿಗಿಟ್ಟುಕೊಂಡು ನಾನು ಫೋನಿನ ಬಳಿ ಕುಳಿತಿರುತ್ತೇನೆ. ಈ ವರ್ಷ ಅವಳಿಗೆ ಇಪ್ಪತ್ತು ನಿಮಿಷ ಹಿಡಿಯಿತು.